ಕೆರೆಗಿಳಿಯಲು ಇಂದುಮತಿ ತೊಟ್ಟ ಉಡುಪು

ಟೆಕ್ಸಸ್‌ನ ಡಲ್ಲಾಸ್ ಬಳಿಯ ಯೂಲೆಸ್ ಊರಿನ ಕನ್ನಡಿಗರಲ್ಲಿ ಇಂದುಮತಿಯನ್ನು ಅರಿಯದವರು ಯಾರೂ ಇರಲಿಲ್ಲ. ಮೈಸೂರಿನವಳು. ವಾರವೆಲ್ಲ ಡಲ್ಲಾಸ್‌ನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಬೇರೆಯವರ ತಪ್ಪು ಹುಡುಕುವ ಕೆಲಸ. ವಾರಾಂತ್ಯ ಬಂತೆಂದರೆ ಕಿವಿಗೆ ಹೆಡ್‌ಫೋನ್ ಏರಿಸಿ, ಮೆಟಲ್ ಡಿಟೆಕ್ಟರ್ ಹಿಡಿದು ಪಾರ್ಕು, ಕೆರೆದಂಡೆ ಅಲೆಯುವುದು. ಹ್ಯೂಸ್ಟನ್ ಬಳಿಯ ಕ್ಲಿಯರ್ ಲೇಕ್ ಎಂಬ ಊರಿನಲ್ಲಿದ್ದಾಗ ಗಂಡ ಮೋಹನರಾಜ ಸಮುದ್ರದಲ್ಲಿ ಉಂಗುರ ಕಳೆದುಕೊಂಡು, ಯಾರದೋ ಡಿಟೆಕ್ಟರ್ ಎರವಲು ತಂದಿದ್ದ. ಉಂಗುರ ಸಿಗಲಿಲ್ಲ, ಹೆಂಡತಿಗೆ ಮಾತ್ರ ಹುಚ್ಚು ಹತ್ತಿಕೊಂಡಿತು.

"ಇಂದು ಆಂಟಿ, ಈ ವಾರ ಎಷ್ಟು ಬಿಯರ್ ಕ್ಯಾನ್ ಸಿಕ್ತು?" ಎಂದು ಕನ್ನಡ ಸಂಘದ ಊಟದಲ್ಲಿ ಹುಡುಗರು ಕಾಡಿಸುತ್ತಿದ್ದರು. ಅವಳೂ ನಗುತ್ತಿದ್ದಳು. ಅವಳು ಹುಡುಕಿಕೊಟ್ಟ ಉಂಗುರ, ಕಾಲ್ಗೆಜ್ಜೆ, ಕಾರಿನ ಕೀಲಿಗಳ ಸುದ್ದಿಯನ್ನು ಯಾರೂ ಎತ್ತುತ್ತಿರಲಿಲ್ಲ. ಜನರಿಗೆ ನಗಲು ಡಬ್ಬಿಯೇ ಬೇಕು, ಏನು ಮಾಡುವುದು!

ಹೀಗಿರುವಾಗ 2016ರ ಸಂಕ್ರಾಂತಿ ಬಂತು. ಇಂದುಮತಿಯ ಬೀದಿಯಲ್ಲೇ ಇದ್ದ ಶಶಿಕಾಂತನ ಮನೆಗೆ ಜಮಖಂಡಿಯಿಂದ ಅವನ ತಾಯಿ ನಿಂಗವ್ವ ಬಂದಿದ್ದರು. ಆ ಕಡೆಯವರಿಗೆ ಅರೆದ ಎಳ್ಳನ್ನು ಮೈಗೆ ಹಚ್ಚಿಕೊಂಡು ಹೊಳೆಯಲ್ಲಿ ಮೀಯದಿದ್ದರೆ ಅದು ಸಂಕ್ರಾಂತಿಯೇ ಅಲ್ಲ. ಯೂಲೆಸ್‌ನಲ್ಲಿ ಹೊಳೆ ಎಲ್ಲಿ ತರುವುದು? ಮಗ, ಸೊಸೆ ಪ್ರೇರಣಾ ಸೇರಿ ಅವರನ್ನು ಹತ್ತಿರದ ದೊಡ್ಡ ಕೆರೆಗೆ ಕರೆದೊಯ್ದರು. ನೀರು ಹಲ್ಲು ಕಟಕಟಿಸುವಷ್ಟು ತಣ್ಣಗಿತ್ತು. ಮೀಯುವುದು ಬೇಡ, ಕೈಯಾದರೂ ತೊಳೆಯೋಣವೆಂದು ನಿಂಗವ್ವ ಮೊಣಕೈವರೆಗೆ ಎಳ್ಳು ಬಳಿದುಕೊಂಡು, ಮೀನು ಹಿಡಿಯುವವರು ಕೂರುವ, ನೀರಿನೊಳಕ್ಕೆ ಚಾಚಿದ ಮರದ ಕಟ್ಟೆಯ ತುದಿಯಲ್ಲಿ ಬಗ್ಗಿದರು. ವಯಸ್ಸಿಗೆ ಸೊರಗಿದ ಕೈ, ಮೇಲೆ ಎಳ್ಳಿನ ಜಿಡ್ಡು. ಬಂಗಾರದ ಪಾಟ್ಲಿ ಬಳೆಯೊಂದು ಸರಕ್ಕನೆ ಜಾರಿ ನೀರಿಗೆ ಬಿತ್ತು.

ಅದು ನಿಂಗವ್ವನ ತಾಯಿಯ ಪಾಟ್ಲಿ. ಜೋಡಿಯನ್ನು ಸೊಸೆಗೆ ತೊಡಿಸಿ ಹೋಗಬೇಕೆಂದೇ ತಂದಿದ್ದರು. ಈ ಭಾನುವಾರ ಬಿಟ್ಟು ಮುಂದಿನ ಭಾನುವಾರ ಊರಿಗೆ ವಿಮಾನ. "ಒಂಟಿ ಪಾಟ್ಲಿ ಸೊಸಿ ಕೈಗೆ ಹೆಂಗ ಹಾಕ್ಲ್ಯೋ ತಮ್ಮಾ?" ಎಂದು ಕೂತುಬಿಟ್ಟರು. ಹಬ್ಬದ ಸಜ್ಜೆ ರೊಟ್ಟಿಯನ್ನು ಯಾರೂ ಮುಟ್ಟಲಿಲ್ಲ. ಶಶಿಕಾಂತ ಇಂದುಮತಿಗೆ ಫೋನ್ ಮಾಡಿದ. "ಆಂಟಿ, ನೀವ ಏನಾರ ಮಾಡಬೇಕ್ರಿ." ಬಿಯರ್ ಕ್ಯಾನ್ ಲೆಕ್ಕ ಕೇಳುತ್ತಿದ್ದವರಲ್ಲಿ ಅವನದೇ ಗಂಟಲು ದೊಡ್ಡದು.

ಇಂದುಮತಿ ಪಾರ್ಕಿನವರ ಒಪ್ಪಿಗೆ ಪಡೆದಳು. ನೀರಿನಲ್ಲಿ ಮುಳುಗಿಸಬಹುದಾದ ಡಿಟೆಕ್ಟರ್ ಅವಳ ಬಳಿಯೇ ಇತ್ತು. ಇಲ್ಲದಿದ್ದದ್ದು ಬಟ್ಟೆ. ಹ್ಯೂಸ್ಟನ್‌ನ ಬೆಚ್ಚನೆಯ ಸಮುದ್ರಕ್ಕೆ ಹಳೆಯ ಚೂಡಿದಾರ್ ಸಾಕಾಗಿತ್ತು. ಜನವರಿಯ ಕೆರೆಗೆ ಎರಡು ದಾರಿ. ಒಂದು, ಬೂಟು ಸಮೇತ ಎದೆಯವರೆಗೆ ಬರುವ, ನೀರು ಒಳಬಿಡದ ದೊಗಳೆ ರಬ್ಬರ್ ಪ್ಯಾಂಟು, ವೇಡರ್ಸ್ ಎನ್ನುತ್ತಾರೆ. ಇನ್ನೊಂದು, ಮೈಗೆ ಅಂಟಿ ಕೂರುವ ದಪ್ಪ ವೆಟ್‌ಸೂಟ್.

ಅವಳು ವೇಡರ್ಸ್ ಕೊಂಡಳು. ಗಂಡನಿಗೆ ಕಾರಣಗಳನ್ನೂ ಒಪ್ಪಿಸಿದಳು: ಕಾಲು ಒಣಗಿರುತ್ತದೆ, ಒಳಗೆ ಉಣ್ಣೆ ಬಟ್ಟೆ ಹಾಕಬಹುದು, ಹತ್ತಿ ಬೇಡ, ಬೆವರಿಗೆ ನೆನೆದರೂ ಚಳಿ ಹಿಡಿಯುತ್ತದೆ. ಎಲ್ಲ ನಿಜವೇ. ಹಾಗೆಂದು ಅಂಗಡಿಯ ಮಾತನ್ನು ನಂಬಿ ಕೆರೆಗೆ ಹಾರುವ ಹೆಂಗಸಲ್ಲ ಅವಳು. ಅಪಾರ್ಟ್‌ಮೆಂಟಿನ ಈಜುಕೊಳಕ್ಕೆ ಅದನ್ನು ತೊಟ್ಟು ಇಳಿದು, ಬೇಕೆಂದೇ ಬಗ್ಗಿ ಎದೆಯ ಅಂಚಿನಿಂದ ನೀರು ಒಳಬಿಟ್ಟುಕೊಂಡಳು. ಕಾಲುಗಳು ರುಬ್ಬುಗುಂಡಿನಂತಾದವು. ಮೋಹನರಾಜ ಕೈಹಿಡಿದು ಎಳೆಯುತ್ತಿರುವಾಗ ನೆರೆಮನೆಯವರೆಲ್ಲ ಬಾಲ್ಕನಿಗೆ ಬಂದಿದ್ದರು. ನಕ್ಕರೆ ನಗಲಿ. ನೀರು ಈ ಅಂಚು ದಾಟಿದರೆ ತನ್ನ ಕಥೆ ಮುಗಿಯಿತೆಂದು ಅವಳಿಗೆ ಗೊತ್ತಾಯಿತು.

ಆ ಭಾನುವಾರವೇ ಕೆರೆಗಿಳಿದಳು. ಕಟ್ಟೆಯ ಪಕ್ಕದಲ್ಲೇ ನಡೆಯುತ್ತ ತುದಿಯ ಹತ್ತಿರ ಬಂದಾಗ ನೀರು ಎದೆಗೆ ಬಂತು. ಕೈ ಚಾಚಿ ಡಿಟೆಕ್ಟರ್ ಆಡಿಸಿದಳು. ಕಿವಿಯಲ್ಲಿ ದುಂಡನೆಯ, ತುಂಬಿದ ಸದ್ದು. ಬಂಗಾರಕ್ಕೆ ಇಂಥದೇ ಸದ್ದು ಬರುತ್ತದೆ.

"ಇನ್ನೆರಡು ಹೆಜ್ಜೆ ಆಂಟಿ, ಅಷ್ಟ!" ಶಶಿಕಾಂತ ದಂಡೆಯಿಂದ ಕೂಗಿದ.

ಅವಳು ವೇಡರ್ಸ್‌ನ ಅಂಚು ನೋಡಿಕೊಂಡು ನಿಂತಳು. ಆಮೇಲೆ ತಿರುಗಿ ಬಂದಳು. ಎಲ್ಲರ ಮುಖವೂ ಸಪ್ಪಗಾಗಿತ್ತು. ಆ ಎರಡು ಹೆಜ್ಜೆ ಇಡದೆ ಬರಲು ಎಷ್ಟು ಗಟ್ಟಿ ಗುಂಡಿಗೆ ಬೇಕೆಂದು ದಂಡೆಯಲ್ಲಿ ನಿಂತವರಿಗೆ ಹೇಗೆ ತಿಳಿಯಬೇಕು?

ಕಾರಿನಲ್ಲಿ ಮೋಹನರಾಜ ಮೆಲ್ಲಗೆ ಹೇಳಿದ, "ಯಾರಾದ್ರೂ ಡೈವರ್‌ನ ಕರೆಸೋಣ ಬಿಡು."

"ಸದ್ದು ಕೇಳಿದೋಳು ನಾನು. ತೆಗೆಯೋಳೂ ನಾನೇ." ಸೀಟ್‌ಬೆಲ್ಟ್ ಎಳೆದುಕೊಳ್ಳುತ್ತ ಅಂದಳು, "ನಾನು ಆರಿಸಿದ್ದೇ ತಪ್ಪು ಕಣ್ರೀ. ಅಷ್ಟು ಆಳಕ್ಕೆ ವೆಟ್‌ಸೂಟೇ ಬೇಕು ಅಂತ ಅಂಗಡೀಲೇ ಗೊತ್ತಿತ್ತು. ಅದು ಮೈಗೆ ಅಂಟ್ಕೊಳುತ್ತೆ, ಸಂಘದೋರೆಲ್ಲ ನಿಂತಿರ್ತಾರೆ ಅಂತ ಬಿಟ್ಟೆ. ನೀರು ನೋಡಿ ಬಟ್ಟೆ ಆರಿಸಲಿಲ್ಲ, ಜನರನ್ನ ನೋಡಿ ಆರಿಸಿದೆ."

ಜಿಮ್‌ನಲ್ಲೂ ದುಪಟ್ಟಾ ಸರಿಪಡಿಸಿಕೊಳ್ಳುವ ಹೆಂಗಸಿನ ಬಾಯಿಂದ ಇಷ್ಟು ಮಾತು ಬರುವುದೇ ದೊಡ್ಡದು. ಮರುದಿನ ಸೋಮವಾರ ಸರ್ಕಾರಿ ರಜೆಯಿದ್ದದ್ದರಿಂದ ಮೋಹನರಾಜ ಅವಳನ್ನು ಕರೆದುಕೊಂಡು ಆಸ್ಟಿನ್‌ಗೆ ಡ್ರೈವ್ ಮಾಡಿದ. ಅಲ್ಲಿ ಓದುತ್ತಿದ್ದ ಮಗಳು ಅನನ್ಯಾಗೆ ಡೈವಿಂಗ್ ಸಾಮಾನಿನ ಅಂಗಡಿ ಗೊತ್ತಿತ್ತು. ಹನಿ ನೀರೂ ಒಳಗೆ ಬಾರದ ದೊಗಳೆ ಡ್ರೈಸೂಟ್ ಕಂಡು ಇಂದುಮತಿಯ ಕಣ್ಣು ಅರಳಿತು; ತರಬೇತಿ ಇಲ್ಲದವರಿಗೆ ಕೊಡುವುದಿಲ್ಲ ಎಂದಳು ಅಂಗಡಿಯವಳು. ಉಳಿದದ್ದು ವೆಟ್‌ಸೂಟೇ. ತುಸು ನೀರು ಒಳಗೆ ಬಂದು, ಮೈಯ ಕಾವಿಗೆ ಬೆಚ್ಚಗಾಗಿ ಅಲ್ಲೇ ನಿಲ್ಲಬೇಕು. ಅದಕ್ಕೇ ಅದು ಬಿಗಿಯಾಗಿರಬೇಕು. ಆದರೂ ಇಂದುಮತಿ ಒಂದು ಸೈಜ್ ದೊಡ್ಡದನ್ನು ಎತ್ತಿಕೊಂಡಳು.

"ಅಮ್ಮಾ, ಲೂಸ್ ಈಸ್ ಕೋಲ್ಡ್," ಎಂದು ಅನನ್ಯಾ ಅದನ್ನು ಕಿತ್ತಿಟ್ಟಳು.

ಕನ್ನಡಿಯಲ್ಲಿ ಹೊಟ್ಟೆ, ಸೊಂಟ, ಐವತ್ತು ದಾಟಿದ ಮೈ ಎಲ್ಲವೂ ಇದ್ದಂತೆಯೇ ಕಂಡವು. "ಮೇಲೊಂದು ಕುರ್ತಾ ಹಾಕ್ಕೊಬಹುದಲ್ಲ?" ಎಂದ ಮೋಹನರಾಜ, ಪಾಪ, ಸಹಾಯಕ್ಕೆಂದೇ.

"ಅದು ಕಾಲಿಗೆ ಸುತ್ತಿಕೊಂಡು ಮುಳುಗ್ಲಾ?" ಎಂದಳು. ಟೋಪಿ, ಕೈಗವಸು, ಬೂಟು, ಸೂಟು ಮೇಲಕ್ಕೆ ತೇಲಿಸದಂತೆ ಸೊಂಟಕ್ಕೆ ಸೀಸದ ಪಟ್ಟಿ, ಎಲ್ಲ ಕೊಂಡರು. ಈ ಸಲವೂ ಈಜುಕೊಳದಲ್ಲಿ ಪರೀಕ್ಷೆಯಾಯಿತು. ಬಾಲ್ಕನಿಯವರಿಗೆ ಮತ್ತೆ ಹಬ್ಬ.

ನಿಂಗವ್ವ ಹೊರಡುವ ಹಿಂದಿನ ದಿನ, ಶನಿವಾರ. ಕಾರಿನಿಂದ ಇಂದುಮತಿ ಕಪ್ಪು ಸೂಟಿನಲ್ಲಿ ಇಳಿದಾಗ ದಂಡೆಯಲ್ಲಿದ್ದ ಶಶಿಕಾಂತ ಗಡಬಡಿಸಿ ಆಕಾಶ ನೋಡಿದ. ಪ್ರೇರಣಾ ಚಪ್ಪಲಿ ನೋಡಿಕೊಂಡಳು. ಇಂದುಮತಿಯ ಕೈ ತಾನಾಗಿ ಇಲ್ಲದ ದುಪಟ್ಟಾ ಹುಡುಕಿತು. ಇನ್ನೇನು ಕಾರಿಗೆ ವಾಪಸು ಹತ್ತುತ್ತಿದ್ದಳೇನೋ.

ನಿಂಗವ್ವ ಹತ್ತಿರ ಬಂದು ಸೂಟಿನ ತೋಳನ್ನು ಚಿವುಟಿ ನೋಡಿದರು. "ದಪ್ಪ ಐತಿ, ಚಲೋ ಐತಿ. ನಮ್ಮಕಡೆ ಹೊಳಿಗಿ ಇಳಿಯೂಮುಂದ ನಾವು ಸೀರಿ ಕಚ್ಚಿ ಹಾಕ್ಕೋತೀವಿ. ಯಾರೂ ಮಾರಿ ತಿರುವೂದಿಲ್ಲ. ಕೆಲಸಕ್ಕ ತಕ್ಕಂಗ ಉಡೂ ಅರಿವಿ, ಅಷ್ಟ. ಹೋಗವ್ವಾ, ಹುಷಾರು."

ಇಂದುಮತಿ ಇಳಿದಳು. ಬೆನ್ನಿಗೆ ಮೊದಲು ತಣ್ಣೀರು ನುಗ್ಗಿ ಉಸಿರು ಸಿಕ್ಕಿಕೊಂಡಿತು. ನಿಂತು ಕಾದಳು, ನೀರು ಬೆಚ್ಚಗಾಯಿತು. ಎದೆ ದಾಟಿತು, ಭುಜ ದಾಟಿತು. ಕಳೆದ ವಾರ ನಿಂತ ಜಾಗ ದಾಟಿ ಮುಂದಕ್ಕೆ ಹೋದಳು. ಅದೇ ದುಂಡನೆಯ ಸದ್ದು. ಬೋಂಡಾ ತೆಗೆಯುವ ಜಾಲರಿಯಂಥ ಉದ್ದ ಹಿಡಿಯ ಸೌಟನ್ನು ಕೆಸರಿಗೆ ತೂರಿ ಎತ್ತಿದಳು. ಬಂದದ್ದು ಬಿಯರ್ ಕ್ಯಾನಿನ ಚೂರು. ದಂಡೆಯಲ್ಲಿ ಯಾರೂ ನಗಲಿಲ್ಲ. ಮತ್ತೆ ಆಡಿಸಿದಳು, ಸದ್ದು ಇನ್ನೂ ಅಲ್ಲೇ ಇತ್ತು. ಉಸಿರು ಬಿಗಿಹಿಡಿದು ತಲೆಯನ್ನೂ ಮುಳುಗಿಸಿ, ಸೌಟನ್ನು ಆಳಕ್ಕೆ ಒತ್ತಿ ಎತ್ತಿದಳು. ಕೆಸರು ಸೋರಿಹೋಯಿತು. ತಳದಲ್ಲಿ ಹಳದಿ ಬಳೆಯೊಂದು ಉಳಿಯಿತು.

ಮೇಲೆ ಬಂದು ಪಾಟ್ಲಿಯನ್ನು ನಿಂಗವ್ವನ ಕೈಗಿಟ್ಟಳು. ಅವರು ಕಣ್ಣಿಗೊತ್ತಿಕೊಂಡು, ಇನ್ನೊಂದು ಪಾಟ್ಲಿಯನ್ನೂ ಬಿಚ್ಚಿ, ಅಲ್ಲೇ ಕೆರೆದಂಡೆಯಲ್ಲೇ ಜೋಡಿಯನ್ನು ಸೊಸೆಗೆ ತೊಡಿಸಿದರು. ಪ್ರೇರಣಾ ಅಳುತ್ತ ನಗುತ್ತ ಅತ್ತೆಯ ಕಾಲಿಗೆ ಬಿದ್ದಳು. ಇಂದುಮತಿಯ ಹಲ್ಲು ಕಟಕಟ ಎನ್ನುತ್ತಿತ್ತು, ಎದೆ ಮಾತ್ರ ಹಿಗ್ಗಿ ಬಿರಿಯುವಂತಿತ್ತು.

ಮೋಹನರಾಜ ಅಗಲವಾದ ಟವೆಲ್ ಬಿಡಿಸಿಕೊಂಡು, ಯಾರಿಗೂ ಕಾಣದಂತೆ ಅವಳನ್ನು ಸುತ್ತಲು ಓಡಿಬಂದ.

"ತಾಳಿ ಸ್ವಲ್ಪ," ಎಂದಳು ಇಂದುಮತಿ, ಅವನ ಕೈ ತಡೆದು. ಟೋಪಿ ತೆಗೆದು ಒದ್ದೆ ಕೂದಲು ಹಿಂದಕ್ಕೆ ತಳ್ಳಿ ನೆಟ್ಟಗೆ ನಿಂತಳು. "ಮೊದಲು ಒಂದು ಫೋಟೋ ತೆಗೀರಿ. ಮುಖ ಒಂದೇ ಅಲ್ಲ. ಪೂರ್ತಿ ಬರಬೇಕು, ಪಾದದ ತನಕ."