ಚಿಕ್ಕಪ್ಪನ ಹೊಸ ಜಿಗ್

ಬೋಟಿನ ಹಗ್ಗಕ್ಕೆ ಸಿಕ್ಕಿದ ಮೇಲೆ ಬೇಲೆಕೇರಿಯ ಚಿಕ್ಕಪ್ಪನ ಬಲಗೈ ಬೆರಳುಗಳು ಮಡಚುವುದಿಲ್ಲ. ಕಡಲಿಗೆ ಹೋಗುವುದು ನಿಂತಿತು. ದಂಡೆಯ ಬಂಡೆಗಳ ಮೇಲೆ ಕೂತು ಗಾಳ ಹಾಕುವುದಷ್ಟೇ ಉಳಿಯಿತು. ಅದಕ್ಕೂ ಗಾಳಕ್ಕೆ ಜೀವಂತ ಸಿಗಡಿ ಸಿಕ್ಕಿಸಲು ಎರಡು ಕೈ ಬೇಕು. ಆ ಕೆಲಸ ಚಿಕ್ಕಿಯದಾಯಿತು. ಅಂಕೋಲೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುವ ಚಿಕ್ಕಿಗೆ, ಗಂಡನ ಗಾಳಗಳನ್ನು ಸಜ್ಜು ಮಾಡಿಡುವಷ್ಟರಲ್ಲಿ ಮೊದಲ ಬಸ್ಸು ತಪ್ಪುತ್ತಿತ್ತು. ಎರಡನೆಯ ಬಸ್ಸಿಗೆ ಹೋದವರಿಗೆ ಅಲ್ಲಿ ಸಿಗುವುದು ಬಿಸಿಲಿನ ಮೂಲೆ. ಅವಳು ಅದನ್ನು ಬಾಯಿಬಿಟ್ಟು ಹೇಳಿದವಳಲ್ಲ. ಚಿಕ್ಕಪ್ಪನೇ ಒಂದು ದಿನ, "ಗಾಳ ಬಿಟ್ಟುಬಿಡ್ತೆ ತಮಾ. ನನ್ನ ಹುಚ್ಚಿಗೆ ಅವಳ ಯಾಪಾರ ಹಾಳು" ಎಂದ.

ನಾನಿರುವುದು ಕಾರವಾರದ ಶಿರವಾಡದಲ್ಲಿ. ಪೇಟೆಯ ಗಾಳದ ಅಂಗಡಿಗೆ ಹೋಗಿ ಜಿಗ್ ಕೇಳಿದೆ. ಜಿಗ್ ಎಂದರೆ ನನಗೆ ಗೊತ್ತಿದ್ದದ್ದು ಸೀಸದ ಗುಂಡಿಗೆ ಹುಂಜದ ಗರಿ ಕಟ್ಟಿದ, ಎರೆ ಬೇಡದ ಗಾಳ. ಅಂಗಡಿಯವ ತೆಗೆದಿಟ್ಟದ್ದು ಬೇರೆಯೇ ಜಾತಿ. ತಲೆಯ ಅಡಿಭಾಗ ಚಪ್ಪಟೆ. ನೀರಿನ ತಳದಲ್ಲಿ ಮೊನೆ ಮೇಲಾಗಿ ನಿಲ್ಲಬೇಕಂತೆ. ಸೀಸದ ಬದಲು ಅದಕ್ಕಿಂತ ಭಾರದ ಲೋಹ, ಹಾಗಾಗಿ ತಲೆ ಪುಟ್ಟದು. ಗರಿಯ ಜಾಗದಲ್ಲಿ ತೆಳು ಸಿಲಿಕಾನ್ ಎಳೆಗಳ ಲಂಗ. ಕಲ್ಲಿಗೆ ಸಿಕ್ಕಿಕೊಳ್ಳದಿರಲಿ ಎಂದು ಮೊನೆಯ ಮುಂದೆ ಬ್ರಶ್ಶಿನಂಥ ಬಿರುಗೂದಲು. ಹಿಂದೆ ಸಿಗಡಿಯಂತೆ ಅಲುಗುವ ಮೆತ್ತನೆಯ ಪ್ಲಾಸ್ಟಿಕ್ ಬಾಲ.

"ವರ್ಷ ವರ್ಷ ಲಂಗ ಗಿಡ್ಡ ಆಗ್ತಾ ಬಂದದೆ," ಎಂದ ಅಂಗಡಿಯವ. "ಚೊಣಕಕ್ಕೂ ಫ್ಯಾಷನ್ ಬೇಕಲ್ಲ."

ಚೊಣಕ ನಮ್ಮಲ್ಲಿ ಬಂಡೆಯ ಸಂದಿಯಲ್ಲಿ ಹೊಂಚುಹಾಕುವ ದೊಡ್ಡ ಬಾಯಿಯ ಮೀನು. ಜಿಗ್ಗಿನ ಜೊತೆ ಒಂದು ಗಿಡ್ಡ ಕೋಲನ್ನೂ ದಾರ ಸುತ್ತುವ ರೀಲನ್ನೂ ತಕ್ಕೊಂಡೆ.

ಶನಿವಾರ ಸಂಜೆ ಬೇಲೆಕೇರಿಗೆ ಒಯ್ದೆ. ನಮ್ಮ ಮನೆಗಳಲ್ಲಿ ಹೊಸ ಬಲೆಗೆ ಧೂಪದ ಹೊಗೆ ತೋರಿಸದೆ ನೀರಿಗೆ ಇಳಿಸುವುದಿಲ್ಲ. ಚಿಕ್ಕಿ ಜಿಗ್ಗನ್ನೂ ಕೆಂಡದ ಮೇಲೆ ಹಿಡಿದಳು. ಬಾಲ ಮೊದಲು ಸುರುಟಿತು, ಆಮೇಲೆ ಕೆಂಡಕ್ಕೆ ತೊಟ್ಟಿಕ್ಕಿತು.

"ದೃಷ್ಟಿ ಆಗಬಾರ್ದು ಅಂತ ಹಿಡಿದೆ," ಎಂದಳು.

"ದೃಷ್ಟಿನೂ ಹೋಯ್ತು, ಬಾಲಾನೂ ಹೋಯ್ತು," ಎಂದ ಚಿಕ್ಕಪ್ಪ. "ಮಂಗ ಮನುಷ್ಯ ಆದಂಗೆ ಆಯ್ತು."

ಭಾನುವಾರ ಬೆಳಿಗ್ಗೆ, ಜಿಗ್ಗಿನ ಮೇಲೆ ನಂಬಿಕೆಯಿಲ್ಲದ ಚಿಕ್ಕಿ ಹಳೆಯ ಗಾಳಗಳಿಗೆ ಸಿಗಡಿ ಸಿಕ್ಕಿಸಿಟ್ಟೇ ಹೊರಟಳು. ಮೊದಲ ಬಸ್ಸು ಅಂದೂ ತಪ್ಪಿತು. ಚಿಕ್ಕಪ್ಪ ಆ ಗಾಳಗಳನ್ನು ಮುಟ್ಟಲಿಲ್ಲ. ಎಡಗೈಯಲ್ಲಿ ಕೋಲು ಬೀಸಿ, ಅದನ್ನು ಬಲ ಕಂಕುಳಲ್ಲಿ ಅವುಚಿಕೊಂಡು, ಎಡಗೈಯಲ್ಲೇ ರೀಲು ಸುತ್ತಿದ. ಬಾಲವಿಲ್ಲದ ಜಿಗ್ಗಿಗೇ ಸಣ್ಣದೊಂದು ಚೊಣಕ ಬಿತ್ತು. ಬಂಡೆಯ ಮೇಲೆಳೆದು, ಒದ್ದೆ ಗೋಣಿ ಹಾಕಿ ಕಾಲಲ್ಲಿ ಒತ್ತಿ ಹಿಡಿದ. ಬಿಡಿಸುವುದು ಮಾತ್ರ ಆಗಲಿಲ್ಲ. ಗಾಳದ ಮೊನೆಯಿಂದ ಹಿಂದಕ್ಕೆ ಚಾಚಿದ ಹಿಮ್ಮುಳ್ಳು ದವಡೆಯೊಳಗೆ ಕಚ್ಚಿಕೊಂಡಿತ್ತು. ಬಾಯಿ ತೆರೆದು ಹಿಡಿಯಲು ಒಂದು ಕೈ, ಗಾಳ ತಿರುಗಿಸಲು ಇನ್ನೊಂದು ಕೈ ಬೇಕು. ನಾನು ಬಗ್ಗಿದೆ.

"ನೀ ಮುಟ್ಟಬೇಡ," ಎಂದ. "ನಾಳೆ ನೀ ಇರೂದಿಲ್ಲ ಅಲಾ."

ಮೀನು ತಣ್ಣಗಾಗುವವರೆಗೂ ಒಂದೇ ಕೈಯಲ್ಲಿ ಹೆಣಗಿದ. ಕೊನೆಗೆ ದವಡೆ ಹರಿದು ಗಾಳ ಬಂತು. ಬೆವರು ಒರೆಸಿಕೊಂಡು, "ಚೀಲದಾಗೆ ಇಕ್ಕಳ ಅದೆ, ತಾ. ಈ ಮುಳ್ಳು ಒತ್ತಿ ಚಪ್ಪಟೆ ಮಾಡಿಬಿಡು" ಎಂದ.

ಹಿಮ್ಮುಳ್ಳನ್ನು ಉಗುರಿಗೆ ತಾಗಿಸಿ ನೋಡದೆ ಗಾಳ ಕೊಂಡವನಲ್ಲ ಅವನು. "ಮುಳ್ಳಿಲ್ದೆ ಮೀನು ನಿಲ್ತದ್ಯಾ ಚಿಕ್ಕಪ್ಪ?" ಎಂದೆ.

"ನಿಲ್ಲೂದು ನಿಲ್ತದೆ, ಓಡೂದು ಓಡ್ತದೆ. ನೀ ಒತ್ತು."

ಒತ್ತಿದೆ. ಹಿಡಿದ ಮೀನನ್ನು ಮರಳಿ ನೀರಿಗೆ ಬಿಡುವ ಹವ್ಯಾಸದವರಿಗೆಂದು ಹಿಮ್ಮುಳ್ಳಿಲ್ಲದ ಜಿಗ್ಗುಗಳೇ ಈಗ ಬರುತ್ತವೆ ಎಂದು ನನಗೆ ಆಮೇಲೆ ತಿಳಿಯಿತು. ಚಿಕ್ಕಪ್ಪನದು ಆ ಹವ್ಯಾಸವಲ್ಲ.

ಮುಂದೆ ಬಿದ್ದ ಚೊಣಕ ಬಂಡೆಯ ಬುಡದವರೆಗೆ ಬಂದು, ತಲೆ ಕೊಡವಿ ಹೋಯಿತು. ಒಳ್ಳೆಯ ಮೀನು. ಅವನು ಮತ್ತೆ ಬೀಸಿದ. ನೀರು ಇಳಿಯುವ ಹೊತ್ತಿಗೆ ಇನ್ನೊಂದು ಸಿಕ್ಕಿತು. ದಾರ ಬಿಗಿಯಾಗಿಯೇ ಎತ್ತಿ, ಬುಟ್ಟಿಯ ಮೇಲೆ ತಂದು, ಕೋಲು ತಗ್ಗಿಸಿದ. ದಾರ ಸಡಿಲಾದದ್ದೇ ಮೀನು ಒಮ್ಮೆ ಕೊಡವಿತು, ಗಾಳ ತಾನಾಗಿ ಕಳಚಿತು. ಅವನ ಕೈ ಮೀನಿಗೆ ತಾಗಲೇ ಇಲ್ಲ.

ಮಧ್ಯಾಹ್ನ ಮಾರ್ಕೆಟ್ಟಿನಿಂದ ಬಂದ ಚಿಕ್ಕಿ ಬುಟ್ಟಿಗೆ ಇಣುಕಿ, "ಬಿಡಿಸಿ ಕೊಟ್ಟಂವ ನೀನಾ?" ಎಂದು ನನ್ನನ್ನು ಕೇಳಿದಳು.

"ಅಲ್ಲ."

ಅವಳು ಸಿಕ್ಕಿಸಿಟ್ಟಿದ್ದ ಸಿಗಡಿಗಳು ಹಾಗೇ ಒಣಗಿದ್ದವು. ಜಿಗ್ಗಿನ ಒತ್ತಿದ ಮುಳ್ಳನ್ನು ಬೆರಳಿಂದ ಸವರಿ ನೋಡಿ, ಕೂತು ಆ ಸಿಗಡಿಗಳನ್ನು ಕಳಚತೊಡಗಿದಳು.

"ಹಂಗಾರೆ ನಾಳೆ ನಾ ಮೊದಲ ಬಸ್ಸಿಗೆ ಹೋಗ್ತೆ," ಎಂದಳು ಗಂಡನಿಗೆ. "ಮೀನು ಓಡಿಹೋಯ್ತು ಅಂತ ಅಂಕೋಲೆವರೆಗೆ ಬಂದು ಕೂಗೂದು ಬ್ಯಾಡ."