ಬಸ್ಸಿಗೆ ಪ್ರೊಸೆಸರ್ ತಂದದ್ದು

ನಮ್ಮ ಮನೆಯಲ್ಲಿರುವ ಗೇಮಿಂಗ್ ಕಂಪ್ಯೂಟರು ಮೊಮ್ಮಗಳದು. ಮದುವೆಯಾಗಿ ಸೋಲೂರಿಗೆ ಹೋಗುವಾಗ ಇಲ್ಲೇ ಬಿಟ್ಟು ಹೋದಳು. ಹೊಸ ಸೊಸೆ ಬಂದ ದಿನವೇ ಗುಂಡು ಹೊಡೆಯುವ ಆಟಕ್ಕೆ ಕೂತರೆ ಅತ್ತೆ ಹೆದರಿಕೊಂಡಾಳು, ಬೇಡ ಅಂತ ನಾನೇ ಹೇಳಿದ್ದೆ. ಹೋಗುವ ಮುಂಚೆ ತಾತನಿಗೆ ಬಸ್ಸು ಓಡಿಸುವ ಆಟ ಹಾಕಿಕೊಟ್ಟಳು. ನಮ್ಮ ಯಜಮಾನ ಸರ್ಕಾರಿ ಬಸ್ಸಿನ ಡ್ರೈವರಾಗಿ ರಿಟೈರಾದವನು. ಸಾತನೂರಿಗೂ ಕನಕಪುರಕ್ಕೂ ಆಯಸ್ಸೆಲ್ಲ ಓಡಿಸಿದ್ದು ಸಾಲಲಿಲ್ಲವೇನೋ, ಕುರ್ಚಿಯಲ್ಲಿ ಕೂತು ಮತ್ತೆ ಶುರುಮಾಡಿದ. ನನಗೂ ಒಳ್ಳೆಯದೇ ಆಯಿತು. ಅಡುಗೆಮನೆಗೆ ಬಂದು ಸಾರಿನ ಪಾತ್ರೆಯೊಳಗೆ ಇಣುಕುವುದು ನಿಂತಿತು.

ಆಟದ ಬಸ್ಸು ಖಾಲಿ ರಸ್ತೆಯಲ್ಲಿ ಚೆನ್ನಾಗಿ ಓಡುತ್ತಿತ್ತು. ಸ್ಟ್ಯಾಂಡಿಗೆ ಬಂದು ಜನ ಹತ್ತಲು ಶುರುಮಾಡಿದರೆ ಮುಗಿಯಿತು. ಒಬ್ಬನ ಕಾಲು ಮೆಟ್ಟಿಲ ಮೇಲೆ, ಒಬ್ಬಳ ಕೈ ಗಾಳಿಯಲ್ಲಿ, ಎಲ್ಲರೂ ಕಲ್ಲಾಗಿ ನಿಂತುಬಿಡುತ್ತಿದ್ದರು. ಒಂದು ಟ್ರಿಪ್ಪೂ ಟೈಮಿಗೆ ಮುಟ್ಟಲಿಲ್ಲ. ಅಷ್ಟರಲ್ಲಿ ಇವನು ಜಂಬ ಕೊಚ್ಚಿಕೊಂಡೂ ಆಗಿತ್ತು. ಇವನ ಬಸ್ಸಿಗೆ ಕಂಡಕ್ಟರಾಗಿದ್ದವನು ಅಕ್ಕೂರಿನವನು. ಬಸ್ಸು ಲೇಟಾದಾಗಲೆಲ್ಲ ಡ್ರೈವರ ತಪ್ಪು ಅಂತ ಡಿಪೋದಲ್ಲಿ ಹೇಳಿಕೊಂಡೇ ಸರ್ವಿಸು ಮುಗಿಸಿದ. ಅವನಿಗೆ ಫೋನಿನಲ್ಲಿ, "ಭಾನುವಾರ ಬಾರ್ಲಾ, ಒಂದ್ ನಿಮಿಷ ಆಚೀಚೆ ಆಗ್ದಂಗೆ ಟ್ರಿಪ್ ಹೊಡೆದು ತೋರಿಸ್ತೀನಿ" ಅಂದುಬಿಟ್ಟಿದ್ದ. ಕಂಡಕ್ಟರ ಮುಂದೆ ಬಸ್ಸು ಕಲ್ಲಾದರೆ ಮಾನ ಹೋಗುತ್ತದೆ ಅಂತ ಯಜಮಾನ ಊಟ ಬಿಟ್ಟ.

ಕಂಪ್ಯೂಟರಿನ ಡಬ್ಬಿಯನ್ನು ಮುಟ್ಟಿ ನೋಡಿದೆ, ಸುಡುತ್ತಿತ್ತು. ನನಗೆ ಅರ್ಥವಾಗಿಹೋಯಿತು. ನಾವು ಮನೆಯಲ್ಲಿ ಸಾಕುವ ರೇಷ್ಮೆ ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಬಿಡುವ ಮುಂಚೆ ಮೇವು ನಿಲ್ಲಿಸಿ, ತಲೆ ಎತ್ತಿಕೊಂಡು, ಅಲ್ಲಾಡದೆ ಇರುತ್ತದೆ. ಅದಕ್ಕೆ ನಾವು ಜ್ವರ ಅನ್ನುತ್ತೇವೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಮೇಲೆ ತೆಳ್ಳಗೆ ಸುಣ್ಣದ ಪುಡಿ ಉದುರಿಸಿ ಸುಮ್ಮನಿರಬೇಕು.

"ಜ್ವರಕ್ಕೆ ಕುಂತೈತೆ. ಏನೂ ಒತ್ಬೇಡ" ಅಂದೆ.

ಅವನು ಕೈಕಟ್ಟಿಕೊಂಡು ಮಧ್ಯಾಹ್ನದವರೆಗೂ ಪರದೆ ನೋಡುತ್ತಾ ಕೂತ. ನಾನು ಡಬ್ಬಿಯ ಮೇಲಿನ ತೂತುಗಳಿಂದ ಒಂದು ಹಿಡಿ ಸುಣ್ಣ ಉದುರಿಸಿದೆ. ಒಳಗಿನ ಫ್ಯಾನು ಕೆಮ್ಮಿ ನಿಂತುಹೋಯಿತು. ಇದನ್ನು ಬರೆಯಲು ನನಗೇನೂ ನಾಚಿಕೆಯಿಲ್ಲ. ಹುಳಕ್ಕಾಗಿದ್ದರೆ ಅದೇ ಸರಿಯಾದ ಕೆಲಸ.

ಮಾರನೆಯ ದಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಇಬ್ಬರೂ ರಾಮನಗರದ ಬಸ್ಸು ಹತ್ತಿದೆವು. ಅಲ್ಲಿ ಕಂಪ್ಯೂಟರ್ ಅಂಗಡಿಯವನು ಮುಚ್ಚಳ ತೆಗೆದು ಗಾಳಿ ಹೊಡೆದ. ಅಂಗಡಿಯೆಲ್ಲ ಬೆಳ್ಳಗಾಯಿತು. "ಅಜ್ಜಿ, ಕಂಪ್ಯೂಟರಿಗೆ ಯಾಕೆ ಸುಣ್ಣ ಹೊಡಿಸಿದ್ರಿ?" ಅಂತ ಕೇಳಿದ. ಜ್ವರ ಬಂದಿತ್ತು ಅಂದೆ. ಅವನು ಒಳಗೆ ಹೋಗಿ ನಕ್ಕು ಬಂದ.

ಆಮೇಲೆ ವಿಷಯ ಹೇಳಿದ. ಧೂಳು ತೆಗೆದರೆ ಬಿಸಿ ಕಡಿಮೆಯಾಗುತ್ತದೆ, ಆದರೆ ಜನ ಹತ್ತುವಾಗ ನಿಲ್ಲುವುದು ತಪ್ಪುವುದಿಲ್ಲ. ಅಷ್ಟು ಜನರ ಕೈಕಾಲು ಅಲ್ಲಾಡಿಸುವುದು ಪ್ರೊಸೆಸರ್ ಅನ್ನುವ ಚೂರು. ಮೊಮ್ಮಗಳದು ಹಳೆಯದು, ಅದರಲ್ಲಿ ಕೆಲಸ ಮಾಡುವ ಕೋರುಗಳು ನಾಲ್ಕೇ. ಮೊದಲು ಈಗ ತಾನೇ ಬಂದ ಹೊಸದೊಂದನ್ನು ತೋರಿಸಿದ. ಅದನ್ನು ಕೂರಿಸಬೇಕಾದರೆ ಒಳಗಿನ ಬೋರ್ಡು, ಮೆಮೊರಿ ಎಲ್ಲ ಬದಲಾಯಿಸಬೇಕಂತೆ.

"ಸೊಸೆ ತರೋಕೆ ಯಾರಾದ್ರೂ ಮನೆ ಕೆಡವ್ತಾರೇನಪ್ಪ?" ಅಂದೆ. ಅದನ್ನು ಒಳಗಿಟ್ಟ.

ಹಳೆಯ ಬೋರ್ಡಿಗೇ ಕೂರುವಂಥವು ಎರಡಿದ್ದವು. ಒಂದರಲ್ಲಿ ಹದಿನಾರು ಕೋರು, ಇನ್ನೊಂದರಲ್ಲಿ ಆರು. ಯಜಮಾನ ಹದಿನಾರರ ಮೇಲೆ ಕೈ ಇಟ್ಟ. ಬಸ್ಸಿನ ಆಟದಲ್ಲಿ ಹದಿನಾರೂ ದುಡಿಯುತ್ತವಾ ಅಂತ ನಾನು ಕೇಳಿದೆ. ಅಂಗಡಿಯವನು ತಲೆ ಕೆರೆದುಕೊಂಡು, ಈ ಆಟದಲ್ಲಿ ಕೆಲವೇ ದುಡಿಯುತ್ತವೆ, ಮಿಕ್ಕವು ಸುಮ್ಮನೆ ಕೂತಿರುತ್ತವೆ ಅಂದ. ಇದೂ ನನಗೆ ಗೊತ್ತಿದ್ದದ್ದೇ. ಹುಳ ಹಣ್ಣಾದ ದಿನ, ಅದು ಗೂಡು ಕಟ್ಟಲೆಂದು ಆರಿಸಿ ಬಿದಿರ ಚಂದ್ರಿಕೆಗೆ ಬಿಡಲು ಆಳು ಕರೆಯುತ್ತೇವೆ. ಹದಿನಾರು ಜನ ಬಂದರೆ ಹತ್ತು ಜನ ಎಲೆಅಡಿಕೆ ಹಾಕಿಕೊಂಡು ಊರ ಸುದ್ದಿ ಆಡುತ್ತಾರೆ.

"ಆರಿರೋದೇ ಕೊಡಪ್ಪ. ಕೈ ಮಾತ್ರ ಚುರುಕಾಗಿರ್ಬೇಕು" ಅಂದೆ. ಇದರ ಕೈ ಬಹಳ ಚುರುಕು ಅಂದ. ಅದನ್ನು ಕೂರಿಸಿ, ಮೇಲೆ ಬೆಳ್ಳನೆಯ ಅಂಟನ್ನು ವೀಳ್ಯದೆಲೆಗೆ ಸುಣ್ಣ ಸವರಿದ ಹಾಗೆ ಸವರಿದ. ಬಿಸಿ ಇಳಿಯಲಿ ಅಂತ ಹಾಕುವುದಂತೆ. ಮತ್ತೆ ನನ್ನನ್ನು ನೋಡಿ ನಕ್ಕಿದ್ದೇಕೋ.

ಭಾನುವಾರ ಕಂಡಕ್ಟರು ಬಂದ. ಮುದ್ದೆ, ಉಪ್ಸಾರು ಉಂಡು, ಯಜಮಾನನ ಹಿಂದೆ ಕುರ್ಚಿ ಎಳೆದುಕೊಂಡ. ಬಸ್ಸು ಸ್ಟ್ಯಾಂಡಿಗೆ ಬಂತು. ಜನ ಹತ್ತಿದರು, ಒಬ್ಬರೂ ಕಲ್ಲಾಗಲಿಲ್ಲ. ಎಲ್ಲರೂ ಸೀಟಿನಲ್ಲಿ ಕೂತರು. ಬಾಗಿಲು ಮುಚ್ಚಿತು. ಬಸ್ಸು ಮಾತ್ರ ಹೊರಡಲಿಲ್ಲ.

ಕಂಡಕ್ಟರು, ಹ್ಯಾಂಗ್ ಆಯಿತಾ ಅಂತ ಕೇಳಿದ. ನಾನು ಡಬ್ಬಿ ಮುಟ್ಟಿದೆ, ತಣ್ಣಗಿತ್ತು. ಪರದೆಯೊಳಗಿನ ಜನ ಆಚೀಚೆ ತಲೆ ತಿರುಗಿಸುತ್ತಿದ್ದರು. ಯಜಮಾನ ಗೋಣು ಎತ್ತದೆ ಕೂತಿದ್ದ.

"ರೈಟ್ ಅನ್ಲಾ" ಅಂದ.

"ನಾನ್ಯಾಕ್ಲಾ ಅನ್ಲಿ? ನಾನು ನೋಡಕ್ಕೆ ಬಂದಿರೋನು."

"ನೀನು ರೈಟ್ ಅನ್ದೆ ನಾನ್ ಯಾವತ್ತಾದ್ರೂ ಗಾಡಿ ಎತ್ತಿದ್ದೀನೇನ್ಲಾ?"

ನಾನೇ ಹಿಂದಿನಿಂದ ರೈಟ್ ಅಂದೆ. "ನಿಂದು ನಡ್ಯಕಿಲ್ಲ" ಅಂದ ಯಜಮಾನ. ಪರದೆಯ ಮೂಲೆಯಲ್ಲಿ ಗಡಿಯಾರ ಓಡುತ್ತಿತ್ತು. ಇಬ್ಬರೂ ಹಳೆಯ ಡಿಪೋ ಜಗಳವನ್ನೆಲ್ಲ ತೆಗೆದರು. ಕೊನೆಗೆ ಕಂಡಕ್ಟರು ಹಲ್ಲು ಕಚ್ಚಿಕೊಂಡು "ರೈಟ್, ರೈಟ್" ಅಂದ. ಅಂದದ್ದೇ ತಡ, ಯಜಮಾನ ಬೆಣ್ಣೆಯಿಂದ ಕೂದಲು ಎಳೆದ ಹಾಗೆ ಬಸ್ಸು ಓಡಿಸಿದ. ಎಲ್ಲಿಯೂ ನಿಂತು ನಿಂತು ಹೋಗಲಿಲ್ಲ. ಕೊನೆಯ ಸ್ಟಾಪಿನಲ್ಲಿ ಕೆಂಪಕ್ಷರ ಬಂತು. ಏಳು ನಿಮಿಷ ತಡ.

"ಲೇಟಾಯ್ತಲ್ಲ" ಅಂದ ಕಂಡಕ್ಟರು.

ಯಜಮಾನ ಕುರ್ಚಿ ತಿರುಗಿಸಿ ಅವನ ಮುಖವನ್ನೇ ನೋಡಿದ. "ಯಾರಿಂದ ಆಯ್ತು? ನೀನೇ ಹೇಳು."

ಕಂಡಕ್ಟರು ಪರದೆ ನೋಡಿದ, ಡಬ್ಬಿ ನೋಡಿದ, ಆಮೇಲೆ ನನ್ನ ಕಡೆ ತಿರುಗಿದ.

"ಒಸಿ ಮಜ್ಜಿಗೆ ಇದ್ರೆ ಕೊಡಕ್ಕ" ಅಂದ.