ಮೈನಸ್ ನೂರ ಹದಿನಾರು ಸೆಂಟ್ ಮಳೆ

ಕೊಡ್ಲಿಪೇಟೆಯಲ್ಲಿ ನಲವತ್ತು ವರ್ಷ ರೇಡಿಯೋ, ಟಿವಿ ರಿಪೇರಿ ಮಾಡಿದವನು ನಾನು. ಓದಿದ್ದು ಹತ್ತನೇ ಕ್ಲಾಸು. ಅರವತ್ತು ದಾಟಿದ ಮೇಲೆ ಫೋನಿನಲ್ಲಿ ವಿಡಿಯೋ ನೋಡಿ ಸಿ ಭಾಷೆ ಕಲಿತೆ. ಕಲಿತು ಸುಮ್ಮನಿರದೆ ಹತ್ತಿರದ ಕಾಫಿ ಎಸ್ಟೇಟಿಗೆ ಮಳೆ ಅಳೆದು ಪಂಪು ನಡೆಸುವ ಒಂದು ಮಳೆಯಂತ್ರ ಕಟ್ಟಿಕೊಟ್ಟೆ.

ನಮ್ಮಲ್ಲಿ ಮಳೆಯ ಅಳತೆ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದಿಂಚು. ಮಾರ್ಚಿನಲ್ಲಿ ಒಂದಿಂಚು ಬಿದ್ದರೆ ಕಾಫಿ ಹೂ ಬಿಡುತ್ತದೆ. ಬೀಳದಿದ್ದರೆ ಕೆರೆಯ ನೀರನ್ನು ಸ್ಪ್ರಿಂಕ್ಲರಿನಲ್ಲಿ ಹಾರಿಸಬೇಕು. ನನ್ನ ಯಂತ್ರದ ನಿಯಮ ಇಷ್ಟೇ: ನೂರಕ್ಕಿಂತ ಕಡಿಮೆಯಿದ್ದರೆ ಪಂಪು ಓಡಲಿ, ನೂರಾದರೆ ನಿಲ್ಲಲಿ. ಚೊಂಬಿನಿಂದ ನೀರು ಹುಯ್ದು ಒಂದಿಂಚಿನ ತನಕ ಪರೀಕ್ಷಿಸಿದ್ದೆ. ಹೂಮಳೆಗೆ ಅದಕ್ಕಿಂತ ಹೆಚ್ಚು ಕೇಳುವ ದುರಾಸೆ ಯಾರಿಗಿದೆ?

ಒಂದು ಮಧ್ಯಾಹ್ನ ಒಂದಿಂಚು ನಲವತ್ತು ಸೆಂಟ್ ಸುರಿಯಿತು. ಆ ಮಳೆಯಲ್ಲೇ ಸ್ಪ್ರಿಂಕ್ಲರುಗಳೂ ತಿರುಗುತ್ತಿದ್ದವು. ಫೋನ್ ಬಂದು ನಾನೂ ಎಸ್ಟೇಟಿಗೆ ಓಡಿದೆ.

"ಎಂಥದೋ ಇದು? ಮಳೆಗೇ ಸ್ನಾನ ಮಾಡಿಸ್ತಿದ್ದೀಯ?" ಎಸ್ಟೇಟಿನ ಯಜಮಾನಿ ಅಮ್ಮ ಪಂಪ್‌ಹೌಸ್ ನೋಡಿಕೊಳ್ಳುವ ಪಂಪಿನವನನ್ನು ಕೇಳಿದರು.

"ನಾ ಮುಟ್ಟೇ ಇಲ್ಲ ಅಮ್ಮ. ನಿಂತಿತ್ತು, ಆಮೇಲೆ ಅದೇ ಶುರು ಆಯ್ತು."

ಅವರು ನನ್ನತ್ತ ತಿರುಗಿದರು. "ಮೆಷಿನ್ ಸುಳ್ಳು ಹೇಳಲ್ಲ ಅಮ್ಮ" ಎಂದುಬಿಟ್ಟೆ. ಹದಿನೆಂಟು ವರ್ಷ ಪಂಪಿನವನ ಸೊಂಟದಲ್ಲಿದ್ದ ಪಂಪ್‌ಹೌಸಿನ ಬೀಗದ ಕೈ ಅಂದೇ ಹೋಯಿತು. ಅವನನ್ನು ಕಳೆ ತೆಗೆಯಲು ಹಾಕಿದರು.

ಮನೆಗೆ ಬಂದು ಕೋಡ್ ಬಿಚ್ಚಿದೆ. ಮಳೆಯ ಲೆಕ್ಕ ಒಂದು ಬೈಟಿನಲ್ಲಿ, ಅಂದರೆ ಎಂಟು ಬಿಟ್‌ಗಳ ಸಾಲಿನಲ್ಲಿ, ಬರುತ್ತಿತ್ತು. ಅದನ್ನು ಬರೀ 'ಚಾರ್' ಎಂದು ಬರೆದಿದ್ದೆ. ನನ್ನ ಬೋರ್ಡಿನಲ್ಲಿ ಬರೀ ಚಾರ್ ಅಂದರೆ ಮೈನಸ್ಸೂ ಆಗಬಲ್ಲ ಸಂಖ್ಯೆ. ನೂರ ಇಪ್ಪತ್ತೇಳು ದಾಟಿತೋ, ಆ ಸಾಲಿನ ಎಡತುದಿಯ ಬಿಟ್ ಮೈನಸ್ ಗುರುತಾಗುತ್ತದೆ. ಹೋಲಿಸುವಾಗ ಸಿ ಅದನ್ನು 'ಇಂಟ್' ಎಂಬ ಇನ್ನೂ ಉದ್ದದ ಸಂಖ್ಯೆ ಮಾಡಿ, ಆ ಗುರುತನ್ನೇ ಎಡಕ್ಕೆ ಉದ್ದಕ್ಕೂ ಎಳೆದು ತುಂಬುತ್ತದೆ. ನೂರ ನಲವತ್ತು ಸೆಂಟ್ ಹೀಗೆ ಮೈನಸ್ ನೂರ ಹದಿನಾರಾಗಿತ್ತು. ಯಂತ್ರದ ಪ್ರಕಾರ ಮಳೆ ಆಕಾಶಕ್ಕೆ ವಾಪಸ್ ಹೋಗಿತ್ತು! ಚಾರ್‌ನ ಮುಂದೆ 'ಅನ್‌ಸೈನ್ಡ್', ಅಂದರೆ ಮೈನಸ್ಸಿಲ್ಲದ್ದು, ಎಂಬ ಒಂದು ಪದ ಹಾಕಿದರೆ ಸಾಕಿತ್ತು.

ಹಾಕಿದೆ. "ಧೂಳು ಒರೆಸಿದೆ" ಎಂದು ಹೇಳಿ ಯಂತ್ರ ಕೂರಿಸಿದೆ. ಮುಂದಿನ ಮಳೆ ಒಂದೂವರೆ ಇಂಚು, ಪಂಪು ತೆಪ್ಪಗಿತ್ತು.

"ನೋಡಿ, ಬೀಗದ ಕೈ ಕಿತ್ಕೊಂಡ್ಮೇಲೆ ಎಲ್ಲ ಸರಿಹೋಯ್ತು" ಎಂದರು ಅಮ್ಮ, ನನಗೆ ಕಾಫಿ ಕೊಡುತ್ತಾ.

ಲೋಟ ಕೆಳಗಿಟ್ಟೆ. "ಪಂಪಿನವನನ್ನ ಕರೆಸಿ" ಎಂದೆ. ಅವನು ಕಳೆ ತೆಗೆಯುವ ಕತ್ತಿ ಹಿಡಿದೇ ಬಂದ. ಇಬ್ಬರ ಮುಂದೆಯೂ ಎಲ್ಲ ಒಪ್ಪಿಕೊಂಡೆ.

ಅಮ್ಮ ಬೀಗದ ಕೈ ತಂದು ಅವನಿಗೆ ಕೊಟ್ಟರು. ಅವನು ಅದನ್ನು ಸೊಂಟಕ್ಕೆ ಸಿಕ್ಕಿಸಿ, ಕತ್ತಿಯನ್ನು ನನ್ನ ಕೈಗಿಟ್ಟ.

"ಇನ್ನೆರಡು ಸಾಲು ಕಳೆ ಬಾಕಿ ಇದೆ, ಮಾರಾಯ್ರೆ."

ಬಗ್ಗಿ ತೆಗೆದೆ.